ಕುರ್ಚಿ ಹೊರುವವರ ಕೈಗೆ ಲೆಕ್ಕದ ಪುಸ್ತಕ

ಬೀದರ ಜಿಲ್ಲೆಯಲ್ಲಿ ಮಳೆಗೆ ಬರ ಬಂದೀತು, ಉತ್ಸವಕ್ಕೆ ಬಂದಿಲ್ಲ. ಹಲವು ವರ್ಷ ನಿಂತುಹೋಗಿದ್ದ ಬೀದರ ಉತ್ಸವ 2023ರ ಜನವರಿಯಲ್ಲಿ ಕೋಟೆಯೊಳಗೆ ಮೂರು ದಿನ ನಡೆಯಿತು. ಬಸವಕಲ್ಯಾಣದಲ್ಲಿ ಶರಣ ಕಮ್ಮಟ ಅನುಭವ ಮಂಟಪ ಉತ್ಸವವಿದೆ, ಕಲ್ಯಾಣ ಪರ್ವವಿದೆ. ಹುಮನಾಬಾದಿನಲ್ಲಿ ವೀರಭದ್ರೇಶ್ವರ ಜಾತ್ರೆ, ಅದರ ಪಕ್ಕದ ಮಾಣಿಕನಗರದಲ್ಲಿ ದತ್ತ ಜಯಂತಿಯ ಸಂಗೀತ ದರ್ಬಾರು. ಹುಮನಾಬಾದ್ ತಾಲ್ಲೂಕಿನಿಂದ ಬೇರೆಯಾಗಿ ತಾನೇ ತಾಲ್ಲೂಕು ಕೇಂದ್ರವಾದ ಚಿಟಗುಪ್ಪದ ಹುಡುಗ ಹುಡುಗಿಯರಿಗೆ ಇವೆಲ್ಲ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಹೋಗುತ್ತಾರೆ, ನೋಡುತ್ತಾರೆ, ಮೊಬೈಲಿನಲ್ಲಿ ಹಿಡಿದುಕೊಂಡು ಬರುತ್ತಾರೆ. ಅಂಥದ್ದೊಂದು ಸಂಜೆಯನ್ನು ತಮ್ಮ ಊರಲ್ಲಿ ತಾವೇ ನಡೆಸುವುದು ಹೇಗೆ ಎಂಬುದನ್ನು ಮಾತ್ರ ಅಲ್ಲಿ ಯಾರೂ ಅವರಿಗೆ ತೋರಿಸುವುದಿಲ್ಲ.

ಸರ್ಕಾರಿ ಹುದ್ದೆಯಿಲ್ಲದೆ, ಮಠದ ಆಸರೆಯಿಲ್ಲದೆ, ತಂಡವೊಂದನ್ನು ಕರೆಸಿ, ಜಾಗ ಹಿಡಿದು, ಜನ ಸೇರಿಸಿ, ಕೊನೆಗೆ ಲೆಕ್ಕವನ್ನೂ ಸರಿಮಾಡುವ ಸ್ವತಂತ್ರ ಸಂಘಟಕ ಇಂದು ಸಣ್ಣ ಊರುಗಳಿಗೆ ಬೇಕಾದ ಮನುಷ್ಯ. ಅಂಥವರನ್ನು ತಯಾರು ಮಾಡಲು ಉತ್ಸವಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಆದರೆ ಈ ಮಾತೆತ್ತಿದ ಕೂಡಲೇ ಕೆಲವು ನಂಬಿಕೆಗಳು ಅಡ್ಡ ಬರುತ್ತವೆ.

ತಪ್ಪು ಕಲ್ಪನೆ: ಉತ್ಸವ ಇರುವುದು ನೋಡುವುದಕ್ಕೆ, ಕಲಿಯಲು ಕಾಲೇಜುಗಳಿವೆ

ಕರ್ನಾಟಕದ ಮಟ್ಟಿಗೆ ಈ ಮಾತನ್ನು ಹೆಗ್ಗೋಡು ಎಂದೋ ಸುಳ್ಳು ಮಾಡಿತು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಚಲನಚಿತ್ರ ರಸಗ್ರಹಣ ಶಿಬಿರವಾಗಿ ಶುರುಮಾಡಿದ್ದನ್ನು ಮುಂದೆ ಸಂಸ್ಕೃತಿ ಶಿಬಿರವಾಗಿ ಬೆಳೆಸಿತು. ರಾತ್ರಿ ನೋಡಿದ ನಾಟಕವನ್ನು ಮರುದಿನ ಎಲ್ಲರೂ ಕೂತು ಬಿಡಿಸಿ ನೋಡುತ್ತಾರೆ. ಮೇಷ್ಟ್ರು, ರೈತ, ವಿದ್ಯಾರ್ಥಿ, ಬ್ಯಾಂಕಿನ ಗುಮಾಸ್ತ ಎಲ್ಲರಿಗೂ ಒಂದೇ ಪಂಕ್ತಿ. ಚಪ್ಪಾಳೆ ತಟ್ಟಿ ಮನೆಗೆ ಹೋಗುವ ಪ್ರೇಕ್ಷಕನಿಗೂ ಮರುದಿನ ಬೆಳಿಗ್ಗೆ ಉತ್ತರ ಹೇಳಬೇಕಾದ ಪ್ರೇಕ್ಷಕನಿಗೂ ಬಹಳ ವ್ಯತ್ಯಾಸವಿದೆ.

ಅದಕ್ಕಿಂತ ಮುಖ್ಯವಾದ ಪಾಠ 1985ರಲ್ಲಿ ಶುರುವಾದ ನೀನಾಸಂ ತಿರುಗಾಟದಲ್ಲಿದೆ. ತಂಡವೊಂದು ಹೊಸ ನಾಟಕಗಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಊರೂರು ತಿರುಗುತ್ತದೆ. ಪಾತ್ರ ಮಾಡುವವರೇ ರಂಗಸಜ್ಜಿಕೆ ಇಳಿಸುತ್ತಾರೆ, ದೀಪ ಕಟ್ಟುತ್ತಾರೆ, ಆಟ ಮುಗಿದ ಮೇಲೆ ಮತ್ತೆ ಹೇರುತ್ತಾರೆ. ಇದನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಕಣ್ಣು ಮಾತ್ರ ಅವರನ್ನು ಕರೆಸಿಕೊಂಡ ಊರಿನವರ ಮೇಲೆ. ತಂಡ ಬರುವ ದಿನಾಂಕ ಹೊಂದಿಸಬೇಕು. ಸಭಾಂಗಣದ ಅಗಲ ಉದ್ದ ಅಳೆದು ತಿಳಿಸಬೇಕು, ವಿದ್ಯುತ್ತು ಎಷ್ಟು ಲೋಡು ತಡೆಯುತ್ತದೆಂದು ನೋಡಬೇಕು. ಊಟ ವಸತಿ ಆಗಬೇಕು, ಕೊಡಬೇಕಾದ ಹಣ ಕೂಡಿಸಬೇಕು. ನಾಲ್ಕೈದು ವರ್ಷ ಇದನ್ನು ಮಾಡಿದ ಊರಿನಲ್ಲಿ ಸಂಘಟಕರು ತಾವಾಗಿ ತಯಾರಾಗುತ್ತಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ನಾಟಕ ತಂಡದ ಕತೆಯೂ ಇದೇ.

ನಮ್ಮ ನೆಲಕ್ಕೇ ಸೇರಿದ ಉದಾಹರಣೆ ಬೇಕೆಂದರೆ 2019ರ ಆಗಸ್ಟ್ ನೆನಪಿಸಿಕೊಳ್ಳಿ. ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ‘ಮತ್ತೆ ಕಲ್ಯಾಣ’ ಎಂಬ ಅಭಿಯಾನವನ್ನು ಆಗಸ್ಟ್ 1ರಂದು ತರೀಕೆರೆಯಲ್ಲಿ ಆರಂಭಿಸಿ, ಜಿಲ್ಲೆ ಜಿಲ್ಲೆ ದಾಟಿ, 30ರಂದು ಬಸವಕಲ್ಯಾಣಕ್ಕೆ ತಂದು ಮುಟ್ಟಿಸಿದರು. ವಿದ್ಯಾರ್ಥಿಗಳೊಂದಿಗೆ ಸಂವಾದ, ಊರಲ್ಲಿ ಪಾದಯಾತ್ರೆ, ಉಪನ್ಯಾಸ, ಕೊನೆಗೆ ಶರಣ ಮೋಳಿಗೆ ಮಾರಯ್ಯನ ಕುರಿತ ನಾಟಕ. ಮಾರಯ್ಯನ ಹೆಸರು ಹೊತ್ತ ಮೊಳಕೇರಾ ಇರುವುದು ಹುಮನಾಬಾದಿನ ಹತ್ತಿರವೇ. ಪ್ರತಿ ಜಿಲ್ಲೆಯಲ್ಲೂ ಸ್ಥಳೀಯರಿಗೆ ಸಿಕ್ಕದ್ದು ಒಂದೇ ಒಂದು ದಿನ. ಮರುದಿನ ತಂಡ ಮುಂದಿನ ಊರಲ್ಲಿರಬೇಕು. ವಿಚಾರ ಒಪ್ಪುವವರು ಒಪ್ಪಲಿ, ಒಪ್ಪದವರು ಬಿಡಲಿ, ಸಂಘಟನೆಯ ದೃಷ್ಟಿಯಿಂದ ಅದೊಂದು ದೊಡ್ಡ ಪಾಠಶಾಲೆ. ಅಂದು ದುಡಿದವರು ತಮ್ಮ ಅನುಭವ ಬರೆದಿಟ್ಟಿದ್ದರೆ ಇಂದಿನ ಹುಡುಗರಿಗೆ ಕೈಪಿಡಿಯೇ ಆಗುತ್ತಿತ್ತು.

ತಪ್ಪು ಕಲ್ಪನೆ: ನಮ್ಮ ಕಡೆ ಸಂಘಟಕರೇ ಇಲ್ಲ

ಬೆಂಗಳೂರಿನವರು ಹೀಗೆಂದರೆ ಬಿಡಿ, ನಮ್ಮವರೇ ಹೇಳುತ್ತಾರೆ. ಹಿಂದುಳಿದ ಪ್ರದೇಶ ಎಂಬ ಹಣೆಪಟ್ಟಿಯನ್ನು ಎಷ್ಟು ಕಾಲ ಹೊತ್ತಿದ್ದೇವೆಂದರೆ, ಕಣ್ಣೆದುರು ಇರುವ ಕಸುಬು ಕಸುಬೆಂದು ಕಾಣುವುದಿಲ್ಲ.

ಜಾತ್ರೆಯ ನಾಟಕವನ್ನೇ ನೋಡಿ. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಜಾತ್ರೆಗೆ ಎರಡು ತಿಂಗಳ ಮೊದಲೇ ಹುಡುಗರು ಸೇರಿ ನಾಟಕದ ಪುಸ್ತಕ ಆರಿಸುತ್ತಾರೆ. ಪೇಟಿ ಮಾಸ್ತರನನ್ನು ಗೊತ್ತು ಮಾಡುತ್ತಾರೆ. ಪಾತ್ರಕ್ಕಿಷ್ಟು ಎಂದು ತಮ್ಮತಮ್ಮಲ್ಲೇ ಪಟ್ಟಿ ಹಾಕಿಕೊಳ್ಳುತ್ತಾರೆ. ಸ್ತ್ರೀ ಪಾತ್ರಕ್ಕೆ ಹೊರಗಿನ ಊರಿನ ವೃತ್ತಿ ಕಲಾವಿದೆಯರಿಗೆ ಮುಂಗಡ ಕೊಡುತ್ತಾರೆ. ಸೀನು ಸೀನರಿ ಬಾಡಿಗೆಗೆ ತರಿಸಿ, ಕರಪತ್ರ ಅಚ್ಚು ಹಾಕಿಸುತ್ತಾರೆ. ಕರಪತ್ರದಲ್ಲಿ ಯಾರ ಹೆಸರು ಮೇಲೆ ಬರಬೇಕು ಎಂಬ ಜಗಳ ಹರಿಯುವುದಕ್ಕೇ ಒಂದು ವಾರ ಹಿಡಿಯುತ್ತದೆ. ಆ ಜಗಳ ಬಗೆಹರಿಸಿದವನು ಮುಂದೆ ಯಾವ ಉತ್ಸವವನ್ನಾದರೂ ನಡೆಸಬಲ್ಲ. ನಗರದ ಭಾಷೆಯಲ್ಲಿ ಇದೇ ಬಜೆಟ್ಟು, ಕರಾರು, ಪ್ರಚಾರ, ರಂಗ ನಿರ್ವಹಣೆ.

ಮಾಣಿಕನಗರದ ದತ್ತ ಜಯಂತಿಯದು ಇನ್ನೊಂದು ಬಗೆ. ಮಾಣಿಕಪ್ರಭುಗಳ ಈ ಸಂಸ್ಥಾನಕ್ಕೆ ದೂರದೂರದಿಂದ ಗಾಯಕರು ಬಂದು ಸೇವೆಯಾಗಿ ಹಾಡುವ ಪರಂಪರೆ ಹತ್ತೊಂಬತ್ತನೆಯ ಶತಮಾನದ್ದು. ಕನ್ನಡ, ಮರಾಠಿ, ಉರ್ದು, ತೆಲುಗು ಆಡುವ ಜನ ಒಂದೇ ಅಂಗಳದಲ್ಲಿ ಕೂತು ಕೇಳುತ್ತಾರೆ. ಕಲಾವಿದರನ್ನು ಬರಮಾಡಿಕೊಳ್ಳುವುದು, ಯಾರ ನಂತರ ಯಾರು ಎಂಬ ಕ್ರಮ ಇಡುವುದು, ಸಾವಿರಾರು ಭಕ್ತರ ಊಟ ವಸತಿ ನೋಡಿಕೊಳ್ಳುವುದು, ಇದನ್ನೆಲ್ಲ ಇಷ್ಟು ಕಾಲ ನಡೆಸಿಕೊಂಡು ಬಂದವರಲ್ಲಿ ಇರುವ ಜ್ಞಾನ ಯಾವ ತರಬೇತಿ ಪುಸ್ತಕದಲ್ಲೂ ಸಿಗಲಾರದು. ಮೊಹರಂ ಪದದ ತಂಡಗಳಿವೆ, ಭಜನಾ ಮಂಡಳಿಗಳಿವೆ, ಬುಲಾಯಿ ಪದ ಹಾಡುವ ಹೆಣ್ಣುಮಕ್ಕಳಿದ್ದಾರೆ. ಚಿಟಗುಪ್ಪದ ಯುವಕ ಮೊದಲು ಹೋಗಿ ಕೂರಬೇಕಾದದ್ದು ಇವರ ಹತ್ತಿರ. ಬೆಂಗಳೂರಿನ ಕಾರ್ಯಾಗಾರ ಆಮೇಲೆ.

ಬೇಡ ಎಂದಲ್ಲ, ಅದೂ ಬೇಕು. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, ಇಂಡಿಯಾ ಥಿಯೇಟರ್ ಫೋರಂ ಮತ್ತು ಜುನೂನ್ ಸೇರಿ ರೂಪಿಸಿದ ‘ಸ್ಮಾರ್ಟ್’ ಎಂಬ ತರಬೇತಿ ರಂಗತಂಡಗಳಿಗೆ ನಿರ್ವಹಣೆಯನ್ನೇ ವಿಷಯವಾಗಿ ಕಲಿಸಿತು. ಯುರೋಪಿನ ಉತ್ಸವಗಳ ಒಕ್ಕೂಟ 2006ರಿಂದ ಎಳೆಯ ಉತ್ಸವ ನಿರ್ವಾಹಕರಿಗಾಗಿಯೇ ಕಮ್ಮಟ ನಡೆಸುತ್ತ ಬಂದಿದೆ. ಸಂಘಟನೆ ಹುಟ್ಟುಗುಣ, ಕಲಿಸಿ ಬರುವಂಥದ್ದಲ್ಲ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ತಪ್ಪು ಕಲ್ಪನೆ: ಸ್ವಯಂಸೇವಕರಾಗಿ ದುಡಿದರೆ ತಾನಾಗಿಯೇ ಕಲಿಯುತ್ತಾರೆ

ಇದು ಒಳ್ಳೆಯ ಮಾತಿನ ವೇಷ ಹಾಕಿದ ಸೋಮಾರಿತನ. ದೊಡ್ಡ ಉತ್ಸವಗಳಲ್ಲಿ ಕಾಲೇಜಿನ ಮಕ್ಕಳಿಗೆ ಟೀ ಶರ್ಟು, ಕೊರಳಿಗೊಂದು ಗುರುತಿನ ಚೀಟಿ, ಮಧ್ಯಾಹ್ನಕ್ಕೆ ಪಲಾವಿನ ಪೊಟ್ಟಣ ಕೊಡುತ್ತಾರೆ. ಕೆಲಸ: ಕುರ್ಚಿ ಹಾಕುವುದು, ಗಣ್ಯರಿಗೆ ನೀರು ಕೊಡುವುದು, ಹಗ್ಗ ಹಿಡಿದು ಜನರನ್ನು ತಡೆಯುವುದು. ಮೂರು ದಿನ ಹೀಗೆ ದುಡಿದವರಿಗೆ ವೇದಿಕೆಯ ಖರ್ಚೆಷ್ಟು, ಧ್ವನಿವರ್ಧಕದ ಟೆಂಡರು ಯಾರಿಗೆ ಹೋಯಿತು, ಜಾನಪದ ತಂಡಕ್ಕೆ ಕೊಟ್ಟ ಗೌರವಧನವೆಷ್ಟು, ಆ ತಂಡದ ಸರದಿ ರಾತ್ರಿ ಹನ್ನೊಂದಕ್ಕೆ ಯಾಕೆ ಸರಿಯಿತು ಎಂಬುದು ಯಾವುದೂ ಗೊತ್ತಿರುವುದಿಲ್ಲ. ಸಿಗುವ ಪ್ರಮಾಣಪತ್ರದಲ್ಲಿ ಹೆಸರು ತಪ್ಪು ಅಚ್ಚಾಗಿರುತ್ತದೆ, ಅದು ಬೇರೆ ಮಾತು.

ಕಲಿಕೆಗೆ ಬೇಕಾದದ್ದು ಹೊಣೆ. ಒಂದು ಸಂಜೆಯ ಕಾರ್ಯಕ್ರಮದ ಸಮಯಪಟ್ಟಿಯನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟು, ಇದು ನಿನ್ನದು ಎನ್ನಬೇಕು. ಅಧ್ಯಕ್ಷ ಭಾಷಣ ನಲವತ್ತು ನಿಮಿಷ ಎಳೆದಾಗ ಚೀಟಿ ಕಳಿಸುವ ಅಧಿಕಾರ ಅವಳಿಗಿರಬೇಕು. ಚೀಟಿ ಓದಿಯೂ ಅವರು ನಿಲ್ಲಿಸದಿದ್ದರೆ ಯಾವ ಹಾಡು ಕಡಿಮೆ ಮಾಡಬೇಕೆಂದು ತಂಡದೊಂದಿಗೆ ಮಾತಾಡಬೇಕಾದವಳೂ ಅವಳೇ. ಪಕ್ಕದಲ್ಲಿ ಅನುಭವಿಯೊಬ್ಬರು ಇರಬೇಕು, ಕೈ ಹಾಕದೆ. ಇನ್ನೊಬ್ಬನಿಗೆ ದೀಪದ ಕೆಲಸ, ಮತ್ತೊಬ್ಬನಿಗೆ ತಂಡಗಳ ಪ್ರಯಾಣ, ಒಬ್ಬಳಿಗೆ ರಸೀದಿ ಮತ್ತು ವೋಚರು. ಮರುದಿನ ಎಲ್ಲರೂ ಕೂತು ಏನು ಕೆಟ್ಟಿತು ಎಂದು ಮಾತಾಡಬೇಕು.

ಇನ್ನು ಸಂಬಳ. ಪುಕ್ಕಟೆ ದುಡಿಮೆಗೆ ಕಲಿಕೆಯೇ ಕೂಲಿ ಎನ್ನುವ ಉತ್ಸವಕ್ಕೆ ಬರುವವರು ಮನೆಯಲ್ಲಿ ಉಣ್ಣಲು ಇದ್ದವರು ಮಾತ್ರ. ತೊಗರಿ ರಾಶಿಗೆ, ಕಬ್ಬು ಕಡಿಯಲು ಕೂಲಿಗೆ ಹೋಗುವ ಮನೆಯ ಹುಡುಗನ ಮೂರು ದಿನಕ್ಕೆ ಬೆಲೆಯಿದೆ. ಅದನ್ನು ಕಟ್ಟಿಕೊಡದಿದ್ದರೆ ಸಾಂಸ್ಕೃತಿಕ ಸಂಘಟನೆ ಉಳ್ಳವರ ಹವ್ಯಾಸವಾಗಿಯೇ ಉಳಿಯುತ್ತದೆ. ಲಕ್ಷಗಟ್ಟಲೆ ಖರ್ಚಿನ ಲೇಸರ್ ದೀಪಕ್ಕೆ ಇರುವ ಹಣ ಇದಕ್ಕೆ ಇಲ್ಲ ಎಂದರೆ ನಾನು ನಂಬುವುದಿಲ್ಲ.

ತಪ್ಪು ಕಲ್ಪನೆ: ಸಿನಿಮಾ ಗಾಯಕರು ಬಂದರೇ ಜನ ಬರುತ್ತಾರೆ

ಬರುತ್ತಾರೆ, ಒಂದು ರಾತ್ರಿ. ಆಮೇಲೆ ಊರಲ್ಲಿ ಉಳಿಯುವುದು ಮುರಿದ ಬೇಲಿ. ಮುಂದಿನ ತಿಂಗಳು ಅದೇ ಊರಲ್ಲಿ ನಾಟಕವಿಟ್ಟರೆ ಐವತ್ತು ಜನ ಕೂಡಿಸಲು ಆ ರಾತ್ರಿ ಏನೂ ಸಹಾಯ ಮಾಡುವುದಿಲ್ಲ.

ತಪ್ಪು ಕಲ್ಪನೆ: ಅನುದಾನ, ಆಹ್ವಾನ, ರಂಗಮಂದಿರ ಇಲ್ಲದೆ ಏನೂ ಆಗದು

ಬೀದರಿನಲ್ಲಿ ಡಾ. ಚನ್ನಬಸವ ಪಟ್ಟದ್ದೇವರ ಹೆಸರಿನ ರಂಗಮಂದಿರವಿದೆ, ಕಲಬುರಗಿಯಲ್ಲಿ ರಂಗಾಯಣವಿದೆ. ಚಿಟಗುಪ್ಪದವರು ಅವೆರಡನ್ನೂ ತೋರಿಸಿ, ನಮ್ಮಲ್ಲಿ ಅಂಥದ್ದೇನಿದೆ ಎಂದು ಕೇಳುವುದು ಸಹಜ. ಪಟ್ಟದ್ದೇವರ ಬದುಕೇ ಇದಕ್ಕೊಂದು ಉತ್ತರ. ನಿಜಾಮರ ಆಡಳಿತದಲ್ಲಿ ಕನ್ನಡ ಶಾಲೆ ನಡೆಸುವುದು ಕಷ್ಟವಾಗಿದ್ದಾಗ ಭಾಲ್ಕಿಯ ಆ ಸ್ವಾಮಿಗಳು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅನುಕೂಲ ಕೂಡಿಬರಲಿ ಎಂದು ಅವರು ಕಾಯಲಿಲ್ಲ.

ಹೊರಗಿನದೂ ಒಂದು ಕತೆಯಿದೆ. 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಅಂತರರಾಷ್ಟ್ರೀಯ ಉತ್ಸವ ಶುರುವಾದಾಗ ಎಂಟು ನಾಟಕ ತಂಡಗಳು ಕರೆಯದೆ ಬಂದವು. ವೇದಿಕೆ ಸಿಗದಿದ್ದರೆ ಬೇಡ ಎಂದು ಸಿಕ್ಕ ಜಾಗದಲ್ಲಿ ಆಡಿದವು. ಅದೇ ಬೆಳೆದು ಇಂದಿನ ಫ್ರಿಂಜ್ ಉತ್ಸವವಾಯಿತು. ಅಲ್ಲಿ ಈಗಲೂ ಯಾರನ್ನು ಆಡಿಸಬೇಕು ಎಂದು ಆರಿಸುವ ಸಮಿತಿಯಿಲ್ಲ. ತಂಡಗಳು ತಾವೇ ಜಾಗ ಹಿಡಿದು, ತಾವೇ ಚೀಟಿ ಹಂಚಿ, ಲಾಭ ನಷ್ಟ ತಾವೇ ಹೊರುತ್ತವೆ. ಆ ಮಾದರಿಯಲ್ಲೂ ಕಷ್ಟವಿದೆ. ಜಾಗದ ಬಾಡಿಗೆ ಕೊಡಲಾರದ ಬಡ ತಂಡ ಮುಳುಗುತ್ತದೆ. ನಕಲು ಮಾಡಬೇಕಿಲ್ಲ. ಬಸವಕಲ್ಯಾಣದ ಉತ್ಸವದ ದಿನಗಳಲ್ಲಿ ಮುಖ್ಯ ವೇದಿಕೆಯಾಚೆ ಶಾಲೆಯ ಪಡಸಾಲೆ, ಗುಡಿಯ ಕಟ್ಟೆ, ಸಂತೆ ಮೈದಾನ ಖಾಲಿಯಿರುತ್ತವೆ ಎಂಬುದನ್ನು ಗಮನಿಸಿದರೆ ಸಾಕು.

ತಪ್ಪು ಕಲ್ಪನೆ: ಕಾಯ್ದೆ ಕಾನೂನು ನಮ್ಮಂಥವರಿಗೆ ಬಗೆಹರಿಯದು

ಬಗೆಹರಿಯುತ್ತದೆ. ಹೆದರಿಕೆ ಇರುವುದು ಗೊತ್ತಿಲ್ಲದ್ದರಿಂದ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ ಹದಿನೈದು ದಿನ ಮೀರದಂತೆ ಹನ್ನೆರಡರವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಹಾಗಾಗಿ ಒಂಬತ್ತೂವರೆಗೆ ಮುಗಿಯುವ ನಾಟಕ ಆರಿಸಿಕೊಳ್ಳುವುದು ಜಾಣತನ. 1957ರ ಕೃತಿಸ್ವಾಮ್ಯ ಕಾಯ್ದೆ, ಹವ್ಯಾಸಿ ತಂಡವೊಂದು ದುಡ್ಡು ಕೊಡದ ಪ್ರೇಕ್ಷಕರ ಮುಂದೆ ಆಡುವ ನಾಟಕಕ್ಕೆ ರಿಯಾಯಿತಿ ಕೊಟ್ಟಿದೆ. ಟಿಕೆಟ್ ಇಟ್ಟ ಕೂಡಲೇ ಲೆಕ್ಕ ಬೇರೆ. ನಾಟಕಕಾರರ ಅನುಮತಿ ಪತ್ರ ಕೈಯಲ್ಲಿರಬೇಕು. ಕಾಯ್ದೆ ಏನೇ ಹೇಳಲಿ, ಕೇಳಿ ಆಡುವುದು ಮರ್ಯಾದೆ. ಇನ್ನು ಜಿಎಸ್‌ಟಿ: ತಲೆಗೆ 500 ರೂಪಾಯಿ ಮೀರದ ನಾಟಕ, ನೃತ್ಯ, ಸಂಗೀತದ ಪ್ರವೇಶಕ್ಕೆ 2018ರಲ್ಲೇ ವಿನಾಯಿತಿ ಬಂದಿದೆ. ನಮ್ಮೂರಲ್ಲಿ 500ರ ಟಿಕೆಟ್ ಯಾರಿಗೆ ಮಾರುತ್ತೀರಿ? ಪೊಲೀಸ್ ಠಾಣೆ, ಪುರಸಭೆ, ವಿದ್ಯುತ್ ಕಂಪನಿ ಜೆಸ್ಕಾಂ, ಈ ಮೂರು ಬಾಗಿಲಿಗೆ ಅರ್ಜಿ ಬರೆಯುವುದನ್ನು ಯಾವುದಾದರೂ ಉತ್ಸವದ ಕಚೇರಿಯಲ್ಲಿ ವಾರವೊಪ್ಪತ್ತು ಕೂತು ನೋಡಿದರೆ ಮುಂದೆ ಯಾರನ್ನೂ ಕೇಳಬೇಕಿಲ್ಲ.

ತಪ್ಪು ಕಲ್ಪನೆ: ಇದನ್ನೆಲ್ಲ ಮಾಡಲು ಹೊಸ ಯೋಜನೆಯೇ ಬೇಕು

ಇರುವ ಉತ್ಸವದ ಖರ್ಚಿನ ಪಟ್ಟಿಯಲ್ಲಿ ಒಂದು ಸಾಲು ಸೇರಿದರೆ ಆಗುತ್ತದೆ. ಬಸವಕಲ್ಯಾಣದ ಮುಂದಿನ ಉತ್ಸವಕ್ಕೆ ಜಿಲ್ಲೆಯ ಪ್ರತಿ ತಾಲ್ಲೂಕಿನಿಂದ ಇಬ್ಬರನ್ನು ಆರಿಸಲಿ. ಇಬ್ಬರಲ್ಲಿ ಒಬ್ಬಳು ಹೆಣ್ಣುಮಗಳಾಗಿರಲಿ. ಊಟ, ಬಸ್ ಖರ್ಚು, ದಿನಗೂಲಿ ಕೊಡಲಿ. ತಯಾರಿಯ ಸಭೆಯಿಂದ ಹಿಡಿದು ಬಿಲ್ಲು ಚುಕ್ತಾ ಆಗುವವರೆಗೆ ಅವರು ಒಂದೊಂದು ವಿಭಾಗದಲ್ಲಿ ಕೆಲಸ ಮಾಡಲಿ. ಬದಲಿಗೆ ಒಂದೇ ಕರಾರು: ಆರು ತಿಂಗಳೊಳಗೆ ತಮ್ಮ ಊರಲ್ಲಿ ಒಂದು ಸಂಜೆಯನ್ನು ತಾವೇ ನಡೆಸಬೇಕು, ಅದರ ಜಮಾ ಖರ್ಚನ್ನು ಊರ ಗೋಡೆಗೆ ಅಂಟಿಸಬೇಕು.

ಚಿಟಗುಪ್ಪದಲ್ಲಿ ಆ ಸಂಜೆ ಎಳ್ಳಮಾವಾಸ್ಯೆ ಕಳೆದ ಮೇಲೆ, ಪರೀಕ್ಷೆಗಳು ಶುರುವಾಗುವ ಮೊದಲು ಬಂದರೆ ಒಳ್ಳೆಯದು. ಆಗ ಮಳೆಯ ಭಯವಿಲ್ಲ. ಕಲಬುರಗಿಯಿಂದ ತಂಡ ಬರುವುದಾದರೆ 2017ರಲ್ಲಿ ಶುರುವಾದ ಬೀದರ–ಕಲಬುರಗಿ ರೈಲು ಹುಮನಾಬಾದಿನವರೆಗೆ ತಂದು ಬಿಡುತ್ತದೆ. ಮೊದಲು ಊರಿನ ಹೆಣ್ಣುಮಕ್ಕಳ ಬುಲಾಯಿ ಪದ, ಆಮೇಲೆ ನಾಟಕ. ಬುಲಾಯಿಯವರಿಗೆ ಸೀರೆ ಕಣದಲ್ಲಿ ಮುಗಿಸಬೇಡಿ. ನಾಟಕದವರಿಗೆ ಬರೆದ ಹಾಗೆಯೇ ಅವರ ಹೆಸರಿನಲ್ಲೂ ವೋಚರ್ ಬರೆಯಿರಿ.