ಸೆರೆನಾ ಕಾರ್ಟೂನ್: ನಗು ಬರಬೇಕಾದರೆ ನಮಗೆ ಮೊದಲೇ ಏನು ಗೊತ್ತಿರಬೇಕು?

2018ರ ಸೆಪ್ಟೆಂಬರ್ 10ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಹೊರಡುವ 'ಹೆರಾಲ್ಡ್ ಸನ್' ಪತ್ರಿಕೆಯಲ್ಲಿ ಒಂದು ಕಾರ್ಟೂನ್ ಬಂತು. ಬರೆದವರು ಮಾರ್ಕ್ ನೈಟ್. ಚಿತ್ರದ ಮುಂಭಾಗದಲ್ಲಿ ಸೆರೆನಾ ವಿಲಿಯಮ್ಸ್. ದೊಡ್ಡ ಮೈ, ದಪ್ಪ ತುಟಿ, ಎದ್ದು ನಿಂತ ಗುಂಗುರು ಕೂದಲು, ಬಾಯಿ ತೆರೆದು ಕಿರುಚುತ್ತಾ ಮುರಿದ ರಾಕೆಟ್ ಮೇಲೆ ಕುಪ್ಪಳಿಸುತ್ತಿದ್ದಾರೆ. ಪಕ್ಕದಲ್ಲಿ ಮಕ್ಕಳ ಬಾಯಿಗಿಡುವ ರಬ್ಬರ್ ನಿಪ್ಪಲ್ ಬಿದ್ದಿದೆ. ಹಿಂದೆ, ಅಂಪೈರ್ ಕುರ್ಚಿಯಿಂದ ಬಗ್ಗಿ ಎದುರಾಳಿಗೆ ಹೇಳುತ್ತಿದ್ದಾರೆ: "ಅವಳನ್ನು ಸುಮ್ನೆ ಗೆಲ್ಲೋಕೆ ಬಿಡಬಾರದಾ?"

ಎರಡು ದಿನ ಮುಂಚೆ ಅಮೆರಿಕ ಓಪನ್ ಫೈನಲ್‌ನಲ್ಲಿ ಸೆರೆನಾ, ನವೋಮಿ ಒಸಾಕಾ ಎದುರು 6-2, 6-4ರಿಂದ ಸೋತಿದ್ದರು. ಗ್ಯಾಲರಿಯಲ್ಲಿದ್ದ ಕೋಚ್ ಸನ್ನೆ ಮಾಡಿದರು ಎಂದು ಅಂಪೈರ್ ಕಾರ್ಲೋಸ್ ರಾಮೋಸ್ ಮೊದಲು ಎಚ್ಚರಿಕೆ ಕೊಟ್ಟರು. ರಾಕೆಟ್ ಮುರಿದಿದ್ದಕ್ಕೆ ಒಂದು ಪಾಯಿಂಟ್ ಹೋಯಿತು. ಅಂಪೈರ್‌ಗೆ 'ಕಳ್ಳ' ಅಂದಿದ್ದಕ್ಕೆ ಇಡೀ ಒಂದು ಗೇಮ್ ಹೋಯಿತು. ಆಮೇಲೆ 17,000 ಡಾಲರ್ ದಂಡವೂ ಬಿತ್ತು. ಗಂಡಸರು ಇದಕ್ಕಿಂತ ಕೆಟ್ಟದಾಗಿ ಬೈದರೂ ಹೀಗೆ ಗೇಮ್ ಕಿತ್ತುಕೊಳ್ಳಲ್ಲ ಅನ್ನೋದು ಸೆರೆನಾ ವಾದವಾಗಿತ್ತು.

ಕಾರ್ಟೂನ್ ಜಗತ್ತಿನಾದ್ಯಂತ ಟೀಕೆಗೆ ಗುರಿಯಾಯಿತು. ಅಮೆರಿಕದ ಕಪ್ಪು ಪತ್ರಕರ್ತರ ರಾಷ್ಟ್ರೀಯ ಸಂಘ ಅದನ್ನು ಖಂಡಿಸಿತು. ತಾನು ಬರೆದಿದ್ದು ಆ ದಿನದ ಕೆಟ್ಟ ವರ್ತನೆಯ ಬಗ್ಗೆ, ಜನಾಂಗದ ಬಗ್ಗೆ ಅಲ್ಲ ಅಂತ ನೈಟ್ ಹೇಳಿದರು. ಪತ್ರಿಕೆ ಸೆಪ್ಟೆಂಬರ್ 12ರ ಮುಖಪುಟದಲ್ಲಿ ಟ್ರಂಪ್, ಕಿಮ್ ಜೊಂಗ್ ಉನ್ ಮೊದಲಾದವರ ವ್ಯಂಗ್ಯಚಿತ್ರಗಳ ಜೊತೆ ಸೆರೆನಾ ಚಿತ್ರವನ್ನೂ ಮತ್ತೆ ಹಾಕಿತು. ಹೀಗೆಲ್ಲ ಮುಜುಗರಪಟ್ಟರೆ ಯಾರನ್ನೂ ಗೇಲಿ ಮಾಡುವಂತಿಲ್ಲ ಅನ್ನುವುದು ಆ ಪುಟದ ಸಂದೇಶ.

ಚರ್ಚೆ ಬಹಳ ಬೇಗ ಒಂದೇ ಪ್ರಶ್ನೆಗೆ ಬಂದು ನಿಂತುಬಿಟ್ಟಿತು: ಮಾರ್ಕ್ ನೈಟ್ ಜನಾಂಗದ್ವೇಷಿಯೋ ಅಲ್ಲವೋ? ನನ್ನ ಪ್ರಕಾರ ಇದು ಉಪಯೋಗವಿಲ್ಲದ ಪ್ರಶ್ನೆ. ಅವರ ಮನಸ್ಸಿನೊಳಗೆ ಹೊಕ್ಕು ನೋಡಲು ನಮಗಾಗದು. ಚಿತ್ರವಾದರೆ ಕಣ್ಣೆದುರಿಗಿದೆ. ಅದಕ್ಕೆ ಬೇರೆಯದೇ ಪ್ರಶ್ನೆ ಕೇಳಬಹುದು: ಇದನ್ನು ನೋಡಿ ತಕ್ಷಣ ನಗು ಬರಬೇಕಾದರೆ, ನಮ್ಮ ತಲೆಯಲ್ಲಿ ಮೊದಲೇ ಏನು ಕೂತಿರಬೇಕು? ವಿಮರ್ಶಾತ್ಮಕ ಸಾಮಾಜಿಕ ಸಿದ್ಧಾಂತಗಳು ಅಂತ ಕರೆಯುವುದೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಪ್ರಶ್ನೆಯನ್ನೇ ಕೇಳುತ್ತವೆ.

ಒಂದೇ ಚಿತ್ರ, ಎರಡು ಓದು

ಜಮೈಕಾದಲ್ಲಿ ಹುಟ್ಟಿ ಬ್ರಿಟನ್‌ನಲ್ಲಿ ಕೆಲಸ ಮಾಡಿದ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಒಂದು ವಾದ ಮಂಡಿಸಿದರು. ಮಾಧ್ಯಮದಲ್ಲಿ ಅರ್ಥವನ್ನು ತುಂಬುವವರು ಒಬ್ಬರು, ಬಿಚ್ಚಿಕೊಳ್ಳುವವರು ಇನ್ನೊಬ್ಬರು. ಎರಡೂ ಒಂದೇ ಆಗಿರಬೇಕೆಂದೇನಿಲ್ಲ. ಓದುಗರು ತಮ್ಮ ಬದುಕು ನಿಂತಿರುವ ಜಾಗದಿಂದಲೇ ಓದುತ್ತಾರೆ.

ಆ ನಿಪ್ಪಲ್ ಅನ್ನೇ ತಗೊಳ್ಳಿ. ಆಸ್ಟ್ರೇಲಿಯಾದ ಆಡುಮಾತಿನಲ್ಲಿ ದೊಡ್ಡವರು ರಂಪ ಮಾಡಿದರೆ 'ನಿಪ್ಪಲ್ ಉಗುಳಿದರು' ಅಂತಾರೆ. ಅಲ್ಲಿಯ ಓದುಗನಿಗೆ ಅದು ಮಗುವಿನ ಹಟದ ಚಿತ್ರ, ಅಷ್ಟೇ. ಅಮೆರಿಕದ ಕಪ್ಪು ಓದುಗಳಿಗೆ ಕಾಣುವುದು ಬೇರೆ. 19ನೇ ಶತಮಾನದ ಅಮೆರಿಕದಲ್ಲಿ ಬಿಳಿ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ 'ಮಿನ್‌ಸ್ಟ್ರೆಲ್' ಪ್ರದರ್ಶನ ಕೊಡುತ್ತಿದ್ದರು. ಹಿಗ್ಗಿಸಿದ ತುಟಿ, ಹದ್ದುಮೀರಿದ ಮೈ, ಬುದ್ಧಿ ಬಲಿಯದ ಮಗುವಿನ ನಡವಳಿಕೆ ಅಲ್ಲಿನ ಮಾಮೂಲಿ ಸರಕು. ಅಂಥ ಒಂದು ಪಾತ್ರದ ಹೆಸರು ಜಿಮ್ ಕ್ರೋ. ಮುಂದೆ ಕಪ್ಪು ಜನರನ್ನು ಶಾಲೆ, ರೈಲು, ಹೋಟೆಲುಗಳಲ್ಲಿ ಬೇರೆ ಕೂರಿಸಿದ ಕಾನೂನುಗಳಿಗೆ ಬಿದ್ದ ಹೆಸರೂ ಅದೇ. ಜನರನ್ನು ನಗಿಸಿದ ಪಾತ್ರದ ಹೆಸರೇ ಕಾನೂನಿನ ಹೆಸರಾಯಿತು. ಆಮೇಲೆ 'ಬರೀ ತಮಾಷೆ' ಅಂದರೆ ಅವರು ಹೇಗೆ ಒಪ್ಪುತ್ತಾರೆ?

ಅದು ಅಮೆರಿಕದ ಇತಿಹಾಸ, ಆಸ್ಟ್ರೇಲಿಯಾಕ್ಕೆ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಆ ಮಿನ್‌ಸ್ಟ್ರೆಲ್ ತಂಡಗಳು 19ನೇ ಶತಮಾನದಲ್ಲೇ ಆಸ್ಟ್ರೇಲಿಯಾ ಸುತ್ತಿದ್ದವು. ಬಿಳಿಯರಲ್ಲದವರ ವಲಸೆ ತಡೆಯುವ 'ಬಿಳಿ ಆಸ್ಟ್ರೇಲಿಯಾ' ನೀತಿಗೆ 1901ರಲ್ಲಿ ಕಾನೂನಿನ ಬಲ ಸಿಕ್ಕಿತು. 2009ರಲ್ಲೂ ಅಲ್ಲಿನ ಒಂದು ಜನಪ್ರಿಯ ಟಿ.ವಿ. ಕಾರ್ಯಕ್ರಮದಲ್ಲಿ ಮುಖಕ್ಕೆ ಕಪ್ಪು ಬಳಿದ ತಂಡವೊಂದು ಹಾಡಿ ವಿವಾದವಾಗಿತ್ತು.

ಹಿಂದೆ ನಿಂತ ಹೆಂಗಸು ಯಾರು?

ಈ ಕಾರ್ಟೂನಿನಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಸೆರೆನಾ ಚಿತ್ರಣವಲ್ಲ, ಹಿಂದೆ ನಿಂತಿರುವ ಎದುರಾಳಿ. ತೆಳ್ಳನೆ ದೇಹ, ಹೊಂಬಣ್ಣದ ಕೂದಲು, ಬಿಳಿ ಮೈಬಣ್ಣ. ನಿಜವಾದ ಒಸಾಕಾ ಅಪ್ಪ ಹೈಟಿಯವರು, ಅಮ್ಮ ಜಪಾನಿನವರು. ಆಕೆಯ ಮೈಬಣ್ಣ ಕಂದು. ಒಸಾಕಾ ಆಗ ಕೂದಲ ತುದಿಗೆ ಹೊಂಬಣ್ಣ ಹಾಕಿಸಿಕೊಂಡಿದ್ದರು ಅನ್ನೋದು ನಿಜ. ಮೈಬಣ್ಣಕ್ಕೆ ಮಾತ್ರ ಆ ಸಮಜಾಯಿಷಿ ಸಾಲದು.

ರಂಪ ಮಾಡುವವಳು ಕಪ್ಪು, ಸಮಾಧಾನದಿಂದ ನಿಂತವಳು ಬಿಳಿ: ನಗು ನಿಂತಿರುವುದೇ ಈ ಜೋಡಿಯ ಮೇಲೆ. ಕಪ್ಪು ಮೈಬಣ್ಣದ ಇಬ್ಬರು ಹೆಂಗಸರಲ್ಲಿ ಒಬ್ಬರು ಸಿಟ್ಟಾಗಿ, ಇನ್ನೊಬ್ಬರು ಶಾಂತವಾಗಿ ಆಡಿದರು ಎಂದು ಬರೆದಿದ್ದರೆ, ಸಿಟ್ಟು ಆ ವ್ಯಕ್ತಿಯದ್ದು ಅಂತ ಓದಬಹುದಿತ್ತು. ಒಸಾಕಾ ಬೆಳ್ಳಗಾದ ಕ್ಷಣದಿಂದ ಸಿಟ್ಟು ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಬಿಳಿತನವನ್ನೇ 'ಸಹಜ', 'ಸಭ್ಯ' ಎಂಬ ಅಳತೆಗೋಲು ಮಾಡುವುದಕ್ಕೆ ಕೆಟ್ಟ ಉದ್ದೇಶ ಬೇಕಿಲ್ಲ, ಅಭ್ಯಾಸ ಸಾಕು.

ಅಮೆರಿಕದ ಸಮಾಜಶಾಸ್ತ್ರಜ್ಞೆ ಪೆಟ್ರೀಷಿಯಾ ಹಿಲ್ ಕಾಲಿನ್ಸ್ 1990ರ ತಮ್ಮ ಪುಸ್ತಕದಲ್ಲಿ ಇಂಥವನ್ನು 'ಹತೋಟಿಯ ಚಿತ್ರಗಳು' ಅಂತ ಗುರುತಿಸಿದರು. ಕಪ್ಪು ಹೆಂಗಸೆಂದರೆ ಸದಾ ಸಿಡುಕಿ, ಜಗಳಗಂಟಿ ಎಂಬ ಅಚ್ಚು ಅವುಗಳಲ್ಲೊಂದು. ಆಕೆ ಏನೇ ದೂರು ಹೇಳಿದರೂ ಅದನ್ನು ದೂರಾಗಿ ಕೇಳದೆ ಸ್ವಭಾವದೋಷವಾಗಿ ನೋಡುವಂತೆ ಮಾಡುವುದು ಈ ಅಚ್ಚಿನ ಕೆಲಸ.

ನೈಟ್ ಪರವಾಗಿ ಬಂದ ಒಂದು ವಾದವನ್ನು ಇಲ್ಲೇ ನೋಡೋಣ. ಅವರು ಕೆಲವೇ ದಿನ ಮುಂಚೆ ಆಸ್ಟ್ರೇಲಿಯಾದ ಆಟಗಾರ ನಿಕ್ ಕಿರಿಯೋಸ್ ವರ್ತನೆಯನ್ನೂ ಗೇಲಿ ಮಾಡಿದ್ದರು, ಹಾಗಾಗಿ ಭೇದವಿಲ್ಲ ಅನ್ನೋದು ವಾದ. ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ 'ಇಂಟರ್‌ಸೆಕ್ಷನಾಲಿಟಿ' ಎಂಬ ಪದ ತಂದಿದ್ದು ಇಂಥ ವಾದಗಳ ತೂತು ತೋರಿಸಲಿಕ್ಕೇ. ಅವರು ಎತ್ತಿಕೊಂಡ ಒಂದು ಪ್ರಕರಣ ಜನರಲ್ ಮೋಟಾರ್ಸ್‌ನದು. ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ನಿಯಮದಿಂದ ಕಪ್ಪು ಹೆಂಗಸರು ಕೆಲಸ ಕಳೆದುಕೊಂಡಿದ್ದರು. ಕಂಪನಿ ಹೆಂಗಸರಿಗೆ ಕೆಲಸ ಕೊಟ್ಟಿತ್ತು, ಆದರೆ ಅವರು ಬಿಳಿಯರು. ಕಪ್ಪು ಜನರಿಗೂ ಕೊಟ್ಟಿತ್ತು, ಆದರೆ ಅವರು ಗಂಡಸರು. ಎರಡು ತಾರತಮ್ಯಗಳನ್ನು ಸೇರಿಸಿ ನೋಡಲು ಕೋರ್ಟ್ 1976ರಲ್ಲಿ ಒಪ್ಪಲಿಲ್ಲ. ಕಪ್ಪು ಹೆಂಗಸರ ಅನುಭವ ಲೆಕ್ಕಕ್ಕೇ ಬರಲಿಲ್ಲ.

ಟೆನಿಸ್‌ನಲ್ಲೂ ಹಾಗೇ. ಸಿಟ್ಟಿಗೆ ಹೆಸರಾದ ಜಾನ್ ಮೆಕೆನ್ರೊಗೆ ಶಿಕ್ಷೆ ಆಗಿಲ್ಲ ಅಂತಲ್ಲ. 1990ರಲ್ಲಿ ಇದೇ ಮೆಲ್ಬರ್ನ್‌ನಲ್ಲಿ ಅವರನ್ನು ಟೂರ್ನಿಯಿಂದಲೇ ಹೊರಹಾಕಿದ್ದರು. ಆದರೆ ಅವರ ಸಿಟ್ಟು ಅವರ ಸಿಟ್ಟಾಗಿಯೇ ಉಳಿಯಿತು. ಬಿಳಿ ಗಂಡಸರೆಲ್ಲ ಹಿಂಗೇ ಕಣ್ರೀ ಅಂತ ಯಾರೂ ಅನ್ನಲಿಲ್ಲ.

ಹಾಗಾದರೆ ಗೇಲಿಯೇ ಮಾಡಬಾರದಾ?

2019ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಪ್ರೆಸ್ ಕೌನ್ಸಿಲ್, ಈ ಕಾರ್ಟೂನ್ ತನ್ನ ನಿಯಮಗಳನ್ನು ಮೀರಿಲ್ಲ ಎಂದು ತೀರ್ಮಾನಿಸಿತು. ಕಾರ್ಟೂನಿಗೆ ಉತ್ಪ್ರೇಕ್ಷೆ ಸಹಜ, ನಿಪ್ಪಲ್ ಉಗುಳುವ ಚಿತ್ರ ಅಲ್ಲಿನ ಓದುಗರಿಗೆ ಪರಿಚಿತ ಎಂಬುದನ್ನು ಅದು ಪರಿಗಣಿಸಿತು. ಕಾರ್ಟೂನನ್ನು ನಿಷೇಧಿಸಬೇಕು ಅಂತ ನಾನೂ ಹೇಳುತ್ತಿಲ್ಲ. ಸೆರೆನಾ ಅಂದು ನಡೆದುಕೊಂಡ ರೀತಿಯನ್ನು ಟೀಕಿಸಬಾರದು ಅಂತಲೂ ಅಲ್ಲ. ನಿಯಮ ಮುರಿಯದ ಚಿತ್ರವನ್ನೂ ವಿಮರ್ಶೆ ಮಾಡಬಹುದು, ಅಷ್ಟೇ.

ಸಿದ್ಧಾಂತವೂ ಒಂದು ಅಚ್ಚಾಗುವ ಅಪಾಯ ಇದೆ. ಕಪ್ಪು ವ್ಯಕ್ತಿಯ ಪ್ರತಿ ವ್ಯಂಗ್ಯಚಿತ್ರವೂ ಜನಾಂಗೀಯ ಅವಮಾನ ಅಂತ ಮೊದಲೇ ತೀರ್ಪು ಬರೆದಿಟ್ಟುಕೊಂಡರೆ ನಾವು ಚಿತ್ರವನ್ನೇ ನೋಡುತ್ತಿಲ್ಲ ಅಂತ ಅರ್ಥ. ಒಂದು ಸರಳ ಪರೀಕ್ಷೆ ಮಾಡಿ: ಹೆಸರು, ಸಂದರ್ಭ ಎರಡನ್ನೂ ಅಳಿಸಿ. ಟ್ರಂಪ್ ಕಾರ್ಟೂನ್ ಆಗಲೂ ಟ್ರಂಪ್‌ದೇ ಆಗಿರುತ್ತದೆ. ಅಳಿಸಿದ ಮೇಲೆ ಒಬ್ಬ ವ್ಯಕ್ತಿಯ ಬದಲು ಇಡೀ ಒಂದು ಸಮುದಾಯ ಕಾಣಿಸಿಕೊಂಡರೆ, ಕಲಾವಿದ ಹಿಗ್ಗಿಸಿದ್ದು ವ್ಯಕ್ತಿಯನ್ನಲ್ಲ, ಹಳೇ ಅಚ್ಚನ್ನು.

ಈ ಓದು ನಮಗೆ ಹೊಸದೇನಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಮಂಗಳಯಾನ ಕಕ್ಷೆ ಸೇರಿ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಚಪ್ಪಾಳೆ ಬಿದ್ದ ಕೆಲವೇ ದಿನಗಳಲ್ಲಿ 'ನ್ಯೂಯಾರ್ಕ್ ಟೈಮ್ಸ್' ಒಂದು ಕಾರ್ಟೂನ್ ಹಾಕಿತು. ಗಣ್ಯರ ಬಾಹ್ಯಾಕಾಶ ಕ್ಲಬ್ಬಿನ ಬಾಗಿಲನ್ನು, ಹಸು ಹಿಡಿದುಕೊಂಡ ಪೇಟದ ರೈತನೊಬ್ಬ ತಟ್ಟುತ್ತಿದ್ದಾನೆ. ಅದನ್ನು ಬರೆದ ಸಿಂಗಪುರದ ಕಲಾವಿದನಿಗೆ ಭಾರತವನ್ನು ಹೀಯಾಳಿಸುವ ಉದ್ದೇಶವಿರಲಿಲ್ಲ ಅಂತ ಪತ್ರಿಕೆ ಹೇಳಿತು, ಕ್ಷಮೆಯನ್ನೂ ಕೇಳಿತು. ಉದ್ದೇಶ ಏನೇ ಇರಲಿ, ಚಿತ್ರ ಏನು ಹೇಳುತ್ತಿದೆ ಅಂತ ನಮ್ಮವರಿಗೆ ಥಟ್ಟನೆ ಗೊತ್ತಾಗಿತ್ತು. ಸ್ಟುವರ್ಟ್ ಹಾಲ್‌ನ ಓದಬೇಕಾಗಿರಲಿಲ್ಲ.

ಅದಕ್ಕೂ ಎರಡು ವರ್ಷ ಮುಂಚೆ, 2012ರಲ್ಲಿ, ಶಂಕರ್ 1949ರಲ್ಲಿ ಬರೆದಿದ್ದ ಕಾರ್ಟೂನೊಂದು ಎನ್‌ಸಿಇಆರ್‌ಟಿ ಪಠ್ಯಪುಸ್ತಕದಲ್ಲಿ ಇರುವುದರ ಬಗ್ಗೆ ಸಂಸತ್ತಿನಲ್ಲಿ ಗದ್ದಲವಾಗಿತ್ತು. ಸಂವಿಧಾನವೆಂಬ ಬಸವನಹುಳುವಿನ ಮೇಲೆ ಚಾಟಿ ಹಿಡಿದು ಕೂತ ಅಂಬೇಡ್ಕರ್, ಹಿಂದೆ ಚಾಟಿ ಎತ್ತಿದ ನೆಹರೂ. ಚಾಟಿ ಹುಳುವಿನ ಮೇಲೆ ಅಂತ ಕೆಲವರು ಓದಿದರು. ಚಾಟಿ ಎತ್ತಿದ ಬ್ರಾಹ್ಮಣನ ಎದುರಿಗೆ ಕೂತ ಅಂಬೇಡ್ಕರ್ ಅನೇಕ ದಲಿತರಿಗೆ ಕಂಡರು. ಅವರಿಗೆ 'ಸ್ವಲ್ಪ ನಗೋದು ಕಲೀರಿ' ಅಂತ ಬುದ್ಧಿ ಹೇಳಿದವರು ಕಡಿಮೆ ಇರಲಿಲ್ಲ. ಜಾತಿ ಮತ್ತು ಜನಾಂಗ ಒಂದೇ ಅಲ್ಲ, ನಿಜ. ಆದರೆ ಹಸುವಿನ ಕಾರ್ಟೂನಿಗೆ ಸಿಟ್ಟಾಗುವ ಹಕ್ಕು ನಮಗಿದ್ದರೆ, ಚಾಟಿಯ ಕಾರ್ಟೂನಿಗೆ ನೋಯುವ ಹಕ್ಕು ಅವರಿಗೂ ಇದೆ.

ಸೆರೆನಾ ಅಂದು ಎತ್ತಿದ್ದು ಒಂದು ನಿರ್ದಿಷ್ಟ ದೂರು: ಒಂದೇ ತಪ್ಪಿಗೆ ಗಂಡಸರಿಗೆ ಒಂದು ಶಿಕ್ಷೆ, ನನಗೊಂದು ಶಿಕ್ಷೆ. ಅದು ಸರಿಯಿರಬಹುದು, ತಪ್ಪೂ ಇರಬಹುದು. ಅಂಪೈರ್‌ಗಳ ಹಳೇ ತೀರ್ಪುಗಳನ್ನು ತೆಗೆದು ನೋಡಿ ಚರ್ಚಿಸಬಹುದಾದ ವಿಷಯ ಅದು. ಆದರೆ ಆ ದೂರು ಕಾರ್ಟೂನಿನಲ್ಲಿ ಎಲ್ಲೂ ಇಲ್ಲ. ಇರೋದು ಕಿರುಚುವ ಬಾಯಿ ಮಾತ್ರ, ಅದರಿಂದ ಬಂದ ಮಾತಲ್ಲ. ಮುಂದಿನ ಸಲ ಯಾರದೋ ಸಿಟ್ಟಿನ ಮುಖದ ಕಾರ್ಟೂನ್ ನಿಮ್ಮ ಫೋನಿಗೆ ಬಂದಾಗ ನಗಬೇಡಿ ಅಂತ ನಾನು ಹೇಳಲ್ಲ. ಫಾರ್ವರ್ಡ್ ಮಾಡುವ ಮುಂಚೆ, ಅವರು ಹೇಳ್ತಿದ್ದ ಮಾತೇನು ಅಂತ ಒಮ್ಮೆ ಹುಡುಕಿ ನೋಡಿ.