ನಿಮಗಿದು ಗೊತ್ತೆ? ಅದಲುಬದಲಾದ ಮಹಾನಾಳಗಳು
ಕೆಲವು ಶಿಶುಗಳ ಹೃದಯದಲ್ಲಿ ಎರಡು ಮಹಾನಾಳಗಳು (ಮೈಗೆ ರಕ್ತ ಒಯ್ಯುವ ಮಹಾಪಧಮನಿ, ಶ್ವಾಸಕೋಶಕ್ಕೆ ಒಯ್ಯುವ ಧಮನಿ) ಹುಟ್ಟುವಾಗಲೇ ಜಾಗ ಬದಲಿಸಿಕೊಂಡಿರುತ್ತವೆ. ಶುದ್ಧ ರಕ್ತ ಶ್ವಾಸಕೋಶಕ್ಕೇ ಸುತ್ತು ಹೊಡೆಯುತ್ತದೆ, ಅಶುದ್ಧ ರಕ್ತ ಮೈಗೇ ಮರಳುತ್ತದೆ. ಮಗುವಿನ ತುಟಿ, ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತವೆ. ಈ ಎರಡು ಸುತ್ತುಗಳ ನಡುವೆ ಎಲ್ಲಾದರೂ ಕಿಂಡಿಯಿದ್ದು ಎರಡೂ ರಕ್ತ ಬೆರೆತರಷ್ಟೇ ಜೀವ ಉಳಿದೀತು. ಕಿಂಡಿ ಸಾಲದಿದ್ದರೆ ಬಲೂನಿನಿಂದ ಹಿಗ್ಗಿಸುವ ಉಪಾಯವನ್ನು 1966ರಲ್ಲಿ ಅಮೆರಿಕದ ವಿಲಿಯಂ ರಾಷ್‌ಕಿಂಡ್ ತೋರಿಸಿಕೊಟ್ಟರು.

1975ರಲ್ಲಿ ಬ್ರೆಜಿಲ್‌ನ ಅಡಿಬ್ ಜಟೇನೆ ನಾಳಗಳನ್ನೇ ಕತ್ತರಿಸಿ, ಸರಿಯಾದ ಜಾಗಕ್ಕೆ ಹೊಲಿದು ಗೆದ್ದರು. ಕೇಳಲು ನಲ್ಲಿಯ ಪೈಪು ಬದಲಿಸಿದಷ್ಟು ಸಲೀಸು! ಪೇಚಾಟವೆಲ್ಲ ಹೃದಯಕ್ಕೇ ರಕ್ತ ಉಣಿಸುವ ಕರೊನರಿ ನಾಳಗಳದ್ದು. ನವಜಾತ ಶಿಶುವಿನಲ್ಲಿ ಅವು ಒಂದೆರಡು ಮಿಲಿಮೀಟರ್ ದಪ್ಪ. ಅವುಗಳ ಬುಡದ ಸುತ್ತಲಿನ ಮಹಾಪಧಮನಿಯ ಗೋಡೆಯನ್ನು ಅಂಗಿಯ ಗುಂಡಿಯಂತೆ ಕತ್ತರಿಸಿ, ಸಸಿಯನ್ನು ಮಣ್ಣುಸಮೇತ ಕಿತ್ತಂತೆ ಕಿತ್ತು, ಹೊಸ ಜಾಗದಲ್ಲಿ ನೆಡಬೇಕು. ಆದರೆ ಅವುಗಳ ದಾರಿ ಎಲ್ಲ ಮಕ್ಕಳಲ್ಲೂ ಒಂದೇ ಅಲ್ಲ. ಒಮ್ಮೊಮ್ಮೆ ಎರಡೂ ಒಂದೇ ಬಾಯಿಂದ ಹೊರಡುತ್ತವೆ. ಒಮ್ಮೊಮ್ಮೆ ಮಹಾಪಧಮನಿಯ ಗೋಡೆಯೊಳಗೇ ಅವಿತು ಸಾಗುತ್ತವೆ. ಹೊಲಿಗೆಯಲ್ಲಿ ತುಸು ತಿರುಚಿದರೂ ಹೃದಯದ ಸ್ನಾಯುವಿಗೇ ಉಪವಾಸ.

ತಡಮಾಡುವಂತೆಯೂ ಇಲ್ಲ. ಶ್ವಾಸಕೋಶಕ್ಕಷ್ಟೇ ರಕ್ತ ತಳ್ಳುವ ಹಗುರ ಕೆಲಸಕ್ಕೆ ಒಗ್ಗಿದ ಎಡ ಹೃತ್ಕುಕ್ಷಿ ಕೆಲವೇ ವಾರಗಳಲ್ಲಿ ಕಸುವು ಕಳೆದುಕೊಳ್ಳುತ್ತದೆ; ಆಮೇಲೆ ನಾಳ ಸರಿಪಡಿಸಿದರೂ ಇಡೀ ಮೈಗೆ ರಕ್ತ ತಳ್ಳಲು ಹೆಣಗುತ್ತದೆ.