ನಿಮಗಿದು ಗೊತ್ತೆ? ಪೇಡಾದ ರುಚಿ ಮೂಗಿಗೂ ಸೇರಿದ್ದು

ಧಾರವಾಡದ ಪೇಡಾಕ್ಕೆ ಕಂದುಬಣ್ಣ ಬರುವುದು ಹಾಲನ್ನು ಬತ್ತಿಸಿ, ಖೋವಾ ಕೆಂಪಗಾಗುವವರೆಗೆ ಕೈಬಿಡದೆ ಹುರಿಯುವುದರಿಂದ. ಆ ಬಿಸಿಗೆ ಹಾಲಿನ ಪ್ರೋಟೀನು ಮತ್ತು ಸಕ್ಕರೆಯಂಶ ಸೇರಿ ಹೊಸ ಹೊಸ ಪರಿಮಳದ ಅಣುಗಳು ಹುಟ್ಟುತ್ತವೆ. ಧಾರವಾಡದ ಲೈನ್ ಬಜಾರಿನ ಗಾಳಿಯಲ್ಲಿ ತೇಲಿಬಂದ ಅವು ಮೂಗಿನ ಮೇಲ್ಭಾಗದ ಲೋಳೆಯಲ್ಲಿ ಕರಗಿ, ಅಲ್ಲಿನ ನರಕೋಶಗಳ ಗ್ರಾಹಕಗಳಿಗೆ ಅಂಟುತ್ತವೆ. ಮನುಷ್ಯರಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆ. ಒಂದು ವಾಸನೆಗೆ ಒಂದೇ ಗ್ರಾಹಕ ಎಂದೇನಿಲ್ಲ; ಯಾವ ಯಾವುವು ಒಟ್ಟಿಗೆ ಎಚ್ಚೆತ್ತವು ಎಂಬುದರಿಂದ ಮೆದುಳು ವಾಸನೆಯನ್ನು ಗುರುತಿಸುತ್ತದೆ. ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್, ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ನಿಜವಾದ ಸೋಜಿಗ ಇರುವುದು ಬಾಯಲ್ಲಿ. ಪೇಡಾ ಜಗಿಯುವಾಗ ಅದರ ಪರಿಮಳ ಗಂಟಲಿನ ಹಿಂದಿನಿಂದಲೂ ಮೂಗಿಗೇರುತ್ತದೆ. ನಾಲಗೆಗೆ ಗೊತ್ತಾಗುವುದು ಮುಖ್ಯವಾಗಿ ಸಿಹಿ. ಹುರಿದ ಹಾಲಿನ ಘಮವೆಲ್ಲ ಮೂಗಿನ ಕೊಡುಗೆ. ಮೂಗು ಹಿಡಿದುಕೊಂಡು ಒಂದು ತುಂಡು ಜಗಿಯಿರಿ, ನಡುವೆ ಬೆರಳು ಸಡಿಲಿಸಿ: ವ್ಯತ್ಯಾಸ ಆ ಕ್ಷಣವೇ ತಿಳಿಯುತ್ತದೆ. ನೆಗಡಿಯಾದಾಗ ರೊಟ್ಟಿ–ಪಲ್ಯವೂ ಸಪ್ಪೆ ಎನಿಸುವುದು ಇದೇ ಕಾರಣಕ್ಕೆ. ವಾಸನೆ ಗೊತ್ತಾಗದಿರುವುದು ವಾರಗಟ್ಟಲೆ ಮುಂದುವರಿದರೆ ಮಾತ್ರ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ.